ವಿಶ್ವವಿದ್ಯಾನಿಲಯಗಳಿಗೊಂದು ಒರೆಗಲ್ಲು

ಅಕ್ಕಸಾಲಿಗನ ಅಂಗಡಿಗೆ ಬಂಗಾರವನ್ನು ಕೊಂಡೊಯ್ದವರು, ಅವನು ಅದನ್ನು ಕರಿಯ ಕಲ್ಲಿನ ಮೇಲೆ ಉಜ್ಜಿ, ಮೂಡಿದ ಗೆರೆಯ ಬಣ್ಣವನ್ನು ನಿಟ್ಟಿಸಿ ನೋಡುವುದನ್ನು ಕಂಡಿರುತ್ತಾರೆ. ದಿನಸಿ ಅಂಗಡಿಯ ತೂಕದ ಬೊಟ್ಟಿನ ಮೇಲೆ ಸರಕಾರದ ಮುದ್ರೆ ಇರುವುದನ್ನೂ, ನಿಗದಿಯಾದ ಅವಧಿಗೊಮ್ಮೆ ಆ ಮುದ್ರೆಯನ್ನು ಹೊಸದಾಗಿ ಹಾಕಿಸಬೇಕಾಗಿರುವುದನ್ನೂ ನಾವೆಲ್ಲರೂ ಬಲ್ಲೆವು. ಕೊಳ್ಳುವವನಿಗೆ ತಾನೇ ಪರೀಕ್ಷಿಸಿ ನೋಡಲು ಸಾಧ್ಯವಿಲ್ಲದಿರುವಲ್ಲಿ, ಅವನ ಪರವಾಗಿ ಇನ್ನೊಬ್ಬರು ಪರೀಕ್ಷಿಸಿ ಗುರುತು ಹಾಕುವುದು ಬಹು ಹಳೆಯ ಪದ್ಧತಿ.

ಪದವಿಯೂ ಇಂಥ ಒಂದು ವಸ್ತುವೇ. ತಾಲ್ಲೂಕು ಕೇಂದ್ರವೊಂದರಲ್ಲಿ ಮಗಳ ಎರಡನೆಯ ಪಿ.ಯು.ಸಿ. ಫಲಿತಾಂಶವನ್ನು ಕೈಯಲ್ಲಿ ಹಿಡಿದು, ಯಾವ ಕಾಲೇಜಿಗೆ ಸೇರಿಸೋಣ ಎಂದು ಯೋಚಿಸುತ್ತಿರುವ ತಂದೆತಾಯಿಗಳು, ಅಲ್ಲಿಯ ಪಾಠ ಹೇಗಿದೆಯೆಂಬುದನ್ನು ಮೂರು ವರ್ಷ ಕಳೆಯುವ ಮೊದಲು ತಿಳಿಯಲಾರರು. ತಿಳಿದ ಮೇಲೆ ಆ ಮೂರು ವರ್ಷಗಳನ್ನು ಹಿಂದಿರುಗಿಸಿ ಪಡೆಯಲಾರರು. ಅವರ ಕಣ್ಣಿಗೆ ಬೀಳುವುದು ಕಾಲೇಜಿನ ಹೆಬ್ಬಾಗಿಲಿನ ಮೇಲೆ ದೊಡ್ಡದಾಗಿ ಬರೆಸಿರುವ ಒಂದು ಸಾಲು: ‘ನ್ಯಾಕ್‌ನಿಂದ ಎ ಶ್ರೇಣಿ ಪಡೆದ ಸಂಸ್ಥೆ’. ಈ ಅಕ್ಷರ ಎಲ್ಲಿಂದ ಬಂದಿತು? ಅದನ್ನು ಯಾರು, ಯಾವ ಅಳತೆಯಿಂದ ಕೊಟ್ಟರು? ಒಮ್ಮೆ ಪಡೆದರೆ ಅದು ಎಂದೆಂದಿಗೂ ಉಳಿಯುವುದೆ? ಎಲ್ಲಕ್ಕಿಂತ ಮುಖ್ಯವಾಗಿ, ಅದನ್ನು ಎಷ್ಟರಮಟ್ಟಿಗೆ ನಂಬಬಹುದು? ಈ ಪ್ರಶ್ನೆಗಳನ್ನು ಒಂದೊಂದಾಗಿ ವಿಚಾರಿಸೋಣ.

ಎರಡು ಬಗೆಯ ಮಾನ್ಯತೆ

ಮೊದಲಿಗೆ ಒಂದು ಗೊಂದಲವನ್ನು ನಿವಾರಿಸಿಕೊಳ್ಳಬೇಕು. ನಮ್ಮ ಆಡುಮಾತಿನಲ್ಲಿ ‘ಮಾನ್ಯತೆ’ ಎಂಬ ಒಂದೇ ಪದ ಎರಡು ಬೇರೆ ಬೇರೆ ವಿಷಯಗಳಿಗೆ ಬಳಕೆಯಾಗುತ್ತಿದೆ.

ಒಂದನೆಯದು ಕಾನೂನಿನ ಮಾನ್ಯತೆ. 1956ರ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ಅಧಿನಿಯಮದ 22ನೆಯ ಪ್ರಕರಣದಂತೆ, ಕೇಂದ್ರ ಅಥವಾ ರಾಜ್ಯ ಶಾಸನದಿಂದ ಸ್ಥಾಪಿತವಾದ ವಿಶ್ವವಿದ್ಯಾನಿಲಯಗಳು, ಅವಕ್ಕೆ ಸಮಾನವೆಂದು ಪರಿಗಣಿತವಾದ ಸಂಸ್ಥೆಗಳು ಮತ್ತು ಸಂಸತ್ತು ವಿಶೇಷವಾಗಿ ಅಧಿಕಾರ ಕೊಟ್ಟ ಸಂಸ್ಥೆಗಳು ಮಾತ್ರವೇ ಪದವಿ ಪ್ರದಾನ ಮಾಡಬಹುದು. ಮೈಸೂರು ವಿಶ್ವವಿದ್ಯಾನಿಲಯವು 1916ರಲ್ಲಿ ಹುಟ್ಟಿದಾಗ ಅದರ ಪದವಿಗೆ ಬಲ ಬಂದುದು ಮೈಸೂರು ಸಂಸ್ಥಾನದ ಶಾಸನದಿಂದ. ಈ ಬಗೆಯ ಮಾನ್ಯತೆಯು ಅಂಗಡಿ ತೆರೆಯಲು ಪಡೆದ ಪರವಾನಗಿಯಂತೆ. ಅಂಗಡಿ ಇರಬಹುದು ಎಂದು ಅದು ಹೇಳುತ್ತದೆಯೇ ಹೊರತು, ಸರಕು ಹೇಗಿದೆಯೆಂದು ಹೇಳುವುದಿಲ್ಲ.

ಎರಡನೆಯದು ಗುಣದ ಮಾನ್ಯತೆ. ಕಾನೂನಿನ ಪ್ರಕಾರ ನಡೆಯುತ್ತಿರುವ ಸಂಸ್ಥೆಯೊಂದು ತಾನು ಮಾಡುವೆನೆಂದು ಹೇಳಿದ ಕೆಲಸವನ್ನು ನಿಜವಾಗಿಯೂ ಮಾಡುತ್ತಿದೆಯೆ, ಎಷ್ಟು ಚೆನ್ನಾಗಿ ಮಾಡುತ್ತಿದೆ ಎಂಬುದನ್ನು ಹೊರಗಿನವರು ಪರಿಶೀಲಿಸಿ ಕೊಡುವ ತೀರ್ಪು ಇದು. ನಮ್ಮ ಈ ಲೇಖನದ ವಿಷಯ ಈ ಎರಡನೆಯ ಮಾನ್ಯತೆ.

ಪದ್ಧತಿ ಬೆಳೆದು ಬಂದ ಬಗೆ

ಈ ವ್ಯವಸ್ಥೆ ಮೊದಲು ರೂಪುಗೊಂಡುದು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ. ಅಲ್ಲಿ ಶಿಕ್ಷಣವನ್ನು ಆಳುವ ಕೇಂದ್ರ ಅಧಿಕಾರ ಇರಲಿಲ್ಲ. ಒಂದೊಂದು ಕಾಲೇಜೂ ತನ್ನ ತನ್ನ ದಾರಿ ಹಿಡಿದಿತ್ತು. ಯಾವ ಶಾಲೆಯಿಂದ ಬಂದವರು ಕಾಲೇಜಿನ ಓದಿಗೆ ಸಿದ್ಧರಾಗಿದ್ದಾರೆ, ಯಾವ ಕಾಲೇಜಿನ ಓದು ಇನ್ನೊಂದರ ಓದಿಗೆ ಸಮ ಎಂಬುದನ್ನು ನಿಶ್ಚಯಿಸುವವರಿಲ್ಲದೆ ತೊಡಕಾಯಿತು. ಆಗ ಶಾಲೆ ಕಾಲೇಜುಗಳು ತಾವೇ ಕೂಡಿ ಸಂಘ ಕಟ್ಟಿಕೊಂಡವು. ನ್ಯೂ ಇಂಗ್ಲೆಂಡ್ ಪ್ರಾಂತದ ಸಂಘ 1885ರಲ್ಲಿಯೂ, ಉತ್ತರಮಧ್ಯ ಪ್ರಾಂತದ ಸಂಘ 1895ರಲ್ಲಿಯೂ ಸ್ಥಾಪಿತವಾದವು. ಸರಕಾರದ ಅಧಿಕಾರಿಯ ಬದಲು ಅದೇ ವೃತ್ತಿಯ ಸಮಾನರು ಬಂದು ಪರೀಕ್ಷಿಸಬೇಕು ಎಂಬುದು ಈ ಪದ್ಧತಿಯ ತಿರುಳು.

ನಮ್ಮ ದೇಶದ ದಾರಿ ಬೇರೆಯಾಗಿತ್ತು. 1857ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯಗಳು ಲಂಡನ್ ವಿಶ್ವವಿದ್ಯಾನಿಲಯದ ಮಾದರಿಯವು. ಪಾಠ ಹೇಳುವುದು ಕಾಲೇಜುಗಳ ಕೆಲಸ, ಪರೀಕ್ಷೆ ನಡೆಸುವುದು ವಿಶ್ವವಿದ್ಯಾನಿಲಯದ ಕೆಲಸ. ಎಲ್ಲರಿಗೂ ಒಂದೇ ಪ್ರಶ್ನಪತ್ರಿಕೆಯಿದ್ದುದರಿಂದ, ಪರೀಕ್ಷೆಯೇ ಗುಣದ ಕಾವಲು ಎಂಬ ನಂಬಿಕೆ ಬಹುಕಾಲ ನಡೆಯಿತು. ಸ್ವಾತಂತ್ರ್ಯ ಬಂದಾಗ ದೇಶದಲ್ಲಿದ್ದ ವಿಶ್ವವಿದ್ಯಾನಿಲಯಗಳು ಸುಮಾರು 20. ಅವುಗಳ ಯೋಗ್ಯತೆ ಬಾಯಿಂದ ಬಾಯಿಗೆ ತಿಳಿದುಬರುತ್ತಿತ್ತು. 2021–22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯಲ್ಲಾದರೋ 1,168 ವಿಶ್ವವಿದ್ಯಾನಿಲಯಗಳೂ 45,473 ಕಾಲೇಜುಗಳೂ ಪಟ್ಟಿಯಾಗಿವೆ. ಇಷ್ಟೊಂದು ಸಂಸ್ಥೆಗಳ ಗುಣವನ್ನು ಬಾಯಿಮಾತಿನಿಂದ ತಿಳಿಯುವುದು ಅಸಾಧ್ಯವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

1986ರ ರಾಷ್ಟ್ರೀಯ ಶಿಕ್ಷಣ ನೀತಿಯೂ 1992ರ ಅದರ ಕಾರ್ಯಯೋಜನೆಯೂ ಈ ಅಗತ್ಯವನ್ನು ಗುರುತಿಸಿದವು. ಅದರ ಫಲವಾಗಿ 1994ರ ಸೆಪ್ಟೆಂಬರಿನಲ್ಲಿ, ಧನಸಹಾಯ ಆಯೋಗದ ಆಶ್ರಯದಲ್ಲಿ, ರಾಷ್ಟ್ರೀಯ ಮೌಲ್ಯಮಾಪನ ಮತ್ತು ಮಾನ್ಯತಾ ಪರಿಷತ್ತು ಸ್ವಾಯತ್ತ ಸಂಸ್ಥೆಯಾಗಿ ಜನ್ಮ ತಾಳಿತು. ‘ನ್ಯಾಕ್’ ಎಂದು ಜನ ಕರೆಯುವುದು ಇದನ್ನೇ. ಇದರ ಕೇಂದ್ರ ಕಚೇರಿ ಇರುವುದು ನಮ್ಮ ಬೆಂಗಳೂರಿನ ನಾಗರಭಾವಿಯಲ್ಲಿ ಎಂಬುದು ಕನ್ನಡಿಗರು ಗಮನಿಸಬೇಕಾದ ಸಂಗತಿ. ಅದೇ ವರ್ಷ ಎಂಜಿನಿಯರಿಂಗ್ ಮುಂತಾದ ವೃತ್ತಿಶಿಕ್ಷಣದ ಒಂದೊಂದು ಪಠ್ಯಕ್ರಮವನ್ನು ಪರೀಕ್ಷಿಸಲು ರಾಷ್ಟ್ರೀಯ ಮಾನ್ಯತಾ ಮಂಡಳಿ ಎಂಬ ಬೇರೊಂದು ಸಂಸ್ಥೆಯೂ ಹುಟ್ಟಿತು. ನ್ಯಾಕ್ ಅಳೆಯುವುದು ಇಡೀ ಸಂಸ್ಥೆಯನ್ನು, ಮಂಡಳಿ ಅಳೆಯುವುದು ಒಂದೊಂದು ಪಠ್ಯಕ್ರಮವನ್ನು. ಇವೆರಡನ್ನೂ ಒಂದೆಂದು ಭ್ರಮಿಸಬಾರದು.

ಅಳತೆಗೋಲು ಕೂಡ ಕಾಲಕಾಲಕ್ಕೆ ಬದಲಾಗಿದೆ. ಮೊದಮೊದಲು ನಕ್ಷತ್ರಗಳ ಪದ್ಧತಿ ಇತ್ತು. ನೂರಕ್ಕೆ 75 ಮೀರಿದವರಿಗೆ ಐದು ನಕ್ಷತ್ರ ದೊರೆಯುತ್ತಿತ್ತು. 2002ರಲ್ಲಿ ಒಂಬತ್ತು ಮೆಟ್ಟಿಲುಗಳ ಅಕ್ಷರ ಶ್ರೇಣಿ ಬಂದಿತು. 2007ರಲ್ಲಿ ಅದು ನಾಲ್ಕು ಅಕ್ಷರಗಳಿಗೆ ಇಳಿಯಿತು. 2016ರಲ್ಲಿ ಮತ್ತೆ ಎ++ ಇಂದ ಸಿ ವರೆಗಿನ ಏಳು ಮೆಟ್ಟಿಲುಗಳಾದವು. 2017ರಲ್ಲಿ ಪರೀಕ್ಷೆಯ ವಿಧಾನವೇ ಬಹುಮಟ್ಟಿಗೆ ಹೊಸದಾಯಿತು. ಇಂದು ಹೆಬ್ಬಾಗಿಲುಗಳ ಮೇಲೆ ಕಾಣುವ ಅಕ್ಷರಗಳನ್ನು ಅರ್ಥಮಾಡಿಕೊಳ್ಳಲು ಈ 2017ರ ವಿಧಾನವನ್ನೇ ತಿಳಿಯಬೇಕಾಗುತ್ತದೆ.

ಏಳು ಮಾನದಂಡಗಳು

ವೈದ್ಯನು ರೋಗಿಯ ನಾಡಿಯೊಂದನ್ನೇ ನೋಡಿ ತೃಪ್ತನಾಗುವುದಿಲ್ಲ. ನಾಲಗೆ, ಕಣ್ಣು, ಉಸಿರು, ರಕ್ತ ಎಲ್ಲವನ್ನೂ ಪರೀಕ್ಷಿಸುತ್ತಾನೆ. ಅಂತೆಯೇ ನ್ಯಾಕ್ ಸಂಸ್ಥೆಯೊಂದನ್ನು ಏಳು ಕಡೆಗಳಿಂದ ನೋಡುತ್ತದೆ. ಪಠ್ಯಕ್ರಮದ ರಚನೆ; ಬೋಧನೆ, ಕಲಿಕೆ ಮತ್ತು ಮೌಲ್ಯಮಾಪನ; ಸಂಶೋಧನೆ, ನಾವೀನ್ಯ ಮತ್ತು ವಿಸ್ತರಣ ಕಾರ್ಯ; ಕಟ್ಟಡ, ಪ್ರಯೋಗಾಲಯ, ಗ್ರಂಥಾಲಯ ಮುಂತಾದ ಸೌಕರ್ಯ; ವಿದ್ಯಾರ್ಥಿಗಳಿಗೆ ದೊರೆಯುವ ನೆರವು ಮತ್ತು ಅವರ ಮುಂದಿನ ಏಳಿಗೆ; ಆಡಳಿತ ಮತ್ತು ನೇತೃತ್ವ; ಸಂಸ್ಥೆಯ ಮೌಲ್ಯಗಳು ಮತ್ತು ಉತ್ತಮ ರೂಢಿಗಳು. ಇವೇ ಆ ಏಳು.

ಏಳಕ್ಕೂ ತೂಕ ಸಮನಲ್ಲ. ಒಟ್ಟು 1000 ಅಂಕಗಳಲ್ಲಿ ವಿಶ್ವವಿದ್ಯಾನಿಲಯಕ್ಕೆ ಪಠ್ಯಕ್ರಮಕ್ಕೆ 150, ಬೋಧನೆಗೆ 200, ಸಂಶೋಧನೆಗೆ 250, ಉಳಿದ ನಾಲ್ಕಕ್ಕೆ ತಲಾ 100 ಎಂದು ಹಂಚಿಕೆಯಾಗಿದೆ. ವಿಶ್ವವಿದ್ಯಾನಿಲಯಕ್ಕೆ ಸೇರಿದ ಸಾಮಾನ್ಯ ಕಾಲೇಜುಗಳಲ್ಲಾದರೆ ಬೋಧನೆಯೊಂದಕ್ಕೇ 350 ಅಂಕಗಳು. ಇದು ನ್ಯಾಯವೇ ಸರಿ. ಹೊಸ ಜ್ಞಾನವನ್ನು ಹುಟ್ಟಿಸುವುದು ವಿಶ್ವವಿದ್ಯಾನಿಲಯದ ಧರ್ಮ. ಊರ ಕಾಲೇಜಿನ ಮೊದಲ ಧರ್ಮವಾದರೋ ಪಾಠ ಹೇಳುವುದು.

ಪ್ರತಿಯೊಂದು ಮಾನದಂಡವನ್ನೂ ಸಣ್ಣ ಸಣ್ಣ ಅಳತೆಗಳಾಗಿ ಒಡೆಯಲಾಗಿದೆ. ಅವುಗಳಲ್ಲಿ ಕೆಲವು ಎಣಿಸತಕ್ಕವು. ಒಬ್ಬ ಅಧ್ಯಾಪಕನಿಗೆ ಎಷ್ಟು ವಿದ್ಯಾರ್ಥಿಗಳು, ಪೂರ್ಣಕಾಲದ ಅಧ್ಯಾಪಕರಲ್ಲಿ ಪಿಎಚ್.ಡಿ. ಪಡೆದವರೆಷ್ಟು, ತೇರ್ಗಡೆಯಾದವರ ಪ್ರಮಾಣವೆಷ್ಟು ಎಂಬಂಥವು. ಇನ್ನು ಕೆಲವು ವಿವರಿಸತಕ್ಕವು. ಕಲಿಕೆಯಲ್ಲಿ ಹಿಂದುಳಿದವರಿಗೆ ಸಂಸ್ಥೆ ಏನು ಮಾಡುತ್ತಿದೆ ಎಂಬಂಥ ಪ್ರಶ್ನೆಗೆ ಸಂಖ್ಯೆಯಲ್ಲಿ ಉತ್ತರ ಕೊಡಲಾಗದು. ಒಟ್ಟು ಅಂಕಗಳಲ್ಲಿ ಸುಮಾರು ಮುಕ್ಕಾಲು ಭಾಗ ಎಣಿಕೆಗೆ ಸಿಕ್ಕುವ ಅಳತೆಗಳಿಂದ ಬರುತ್ತದೆ. ಉಳಿದುದು ಕಣ್ಣಾರೆ ಕಂಡವರ ವಿವೇಚನೆಗೆ ಬಿಟ್ಟದ್ದು.

ಪರೀಕ್ಷೆ ನಡೆಯುವ ಕ್ರಮ

ಪರೀಕ್ಷೆಗೆ ಕೂರಲು ಸಂಸ್ಥೆ ಮೊದಲು ಅರ್ಹತೆ ಪಡೆಯಬೇಕು. ಎರಡು ತಂಡಗಳ ವಿದ್ಯಾರ್ಥಿಗಳು ಪದವಿ ಪಡೆದು ಹೊರಬಂದಿರಬೇಕು, ಅಥವಾ ಸಂಸ್ಥೆಗೆ ಆರು ವರ್ಷ ತುಂಬಿರಬೇಕು. ಇನ್ನೂ ಫಲ ಬಿಡದ ಗಿಡದ ಹಣ್ಣಿನ ರುಚಿಯನ್ನು ಹೇಳುವುದು ಹೇಗೆ?

ಅರ್ಹತೆ ಸಿದ್ಧವಾದ ಮೇಲೆ ಸಂಸ್ಥೆ ‘ಸ್ವ-ಅಧ್ಯಯನ ವರದಿ’ಯನ್ನು ಬರೆಯತೊಡಗುತ್ತದೆ. ಇಡೀ ವಿಧಾನದ ಹೃದಯವೇ ಇದು. ಕಳೆದ ಐದು ವರ್ಷಗಳ ತನ್ನ ನಡವಳಿಕೆಯನ್ನು ಸಂಸ್ಥೆ ತಾನೇ ಲೆಕ್ಕ ಹಾಕಿ, ತನ್ನ ಬಲವೇನು, ದೌರ್ಬಲ್ಯವೇನು ಎಂದು ಒಪ್ಪಿಸಬೇಕು. ಪ್ರತಿಯೊಂದು ಸಂಖ್ಯೆಗೂ ದಾಖಲೆ ಲಗತ್ತಿಸಬೇಕು. ವರದಿಯನ್ನು ಸಂಸ್ಥೆಯ ಜಾಲತಾಣದಲ್ಲಿ ಎಲ್ಲರಿಗೂ ಕಾಣುವಂತೆ ಇಡಬೇಕು.

ವರದಿ ಬಂದ ಮೇಲೆ ಮೂರು ಕಡೆಯಿಂದ ಅದನ್ನು ತಾಳೆ ನೋಡಲಾಗುತ್ತದೆ. ಮೊದಲು ಸಂಖ್ಯೆಗಳ ಪರಿಶೀಲನೆ. ದಾಖಲೆಗಳೊಡನೆ ಹೋಲಿಸಿ, ಸಂಶಯ ಬಂದಲ್ಲಿ ವಿವರಣೆ ಕೇಳುತ್ತಾರೆ. ಎರಡನೆಯದು ವಿದ್ಯಾರ್ಥಿಗಳ ಅಭಿಪ್ರಾಯ. ಅವರಿಗೆ ನೇರವಾಗಿ 21 ಪ್ರಶ್ನೆಗಳನ್ನು ಕಳುಹಿಸುತ್ತಾರೆ. ಒಟ್ಟು ವಿದ್ಯಾರ್ಥಿಗಳಲ್ಲಿ ನೂರಕ್ಕೆ ಹತ್ತು ಮಂದಿಯಾದರೂ, ಇಲ್ಲವೆ ಕಾಲೇಜಿನಲ್ಲಿ 100, ವಿಶ್ವವಿದ್ಯಾನಿಲಯದಲ್ಲಿ 500 ಮಂದಿಯಾದರೂ, ಇವುಗಳಲ್ಲಿ ಯಾವುದು ಕಡಮೆಯೋ ಅಷ್ಟು ಮಂದಿ ಉತ್ತರಿಸಬೇಕು. ಸಂಖ್ಯೆಗಳಲ್ಲಿ ನಿಗದಿಯಾದ ಕನಿಷ್ಠ ಅಂಕ ಬಂದರೆ ಮಾತ್ರ ಮೂರನೆಯ ಹಂತ. ಇದು ಪೀರ್ ತಂಡದ, ಎಂದರೆ ಸಮಾನ ವೃತ್ತಿಯ ಹಿರಿಯರ ಭೇಟಿ. ಅವರು ತರಗತಿಗಳನ್ನೂ ಪ್ರಯೋಗಾಲಯಗಳನ್ನೂ ನೋಡುತ್ತಾರೆ. ಅಧ್ಯಾಪಕರು, ವಿದ್ಯಾರ್ಥಿಗಳು, ಹಳೆಯ ವಿದ್ಯಾರ್ಥಿಗಳು, ತಂದೆತಾಯಿಗಳು ಇವರೊಡನೆ ಮಾತನಾಡುತ್ತಾರೆ. ಕೊನೆಗೆ ತಮ್ಮ ವರದಿ ಬರೆಯುತ್ತಾರೆ. ತೀರ್ಪು ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೆ ಅವಕಾಶವಿದೆ.

ಅಂಕದ ಲೆಕ್ಕ

ಈಗ ಅಕ್ಷರ ಹುಟ್ಟುವ ಬಗೆಯನ್ನು ಒಂದು ಕಲ್ಪಿತ ವಿಶ್ವವಿದ್ಯಾನಿಲಯದ ಉದಾಹರಣೆಯಿಂದ ನೋಡೋಣ. ಪ್ರತಿಯೊಂದು ಮಾನದಂಡದಲ್ಲಿಯೂ ಸಂಸ್ಥೆಗೆ 0ಯಿಂದ 4ರವರೆಗೆ ಅಂಕ ದೊರೆಯುತ್ತದೆ. ನಮ್ಮ ಕಲ್ಪಿತ ಸಂಸ್ಥೆಗೆ ಪಠ್ಯಕ್ರಮದಲ್ಲಿ 3.2, ಬೋಧನೆಯಲ್ಲಿ 3.4, ಸಂಶೋಧನೆಯಲ್ಲಿ 2.6, ಸೌಕರ್ಯದಲ್ಲಿ 3.1, ವಿದ್ಯಾರ್ಥಿ ನೆರವಿನಲ್ಲಿ 3.0, ಆಡಳಿತದಲ್ಲಿ 2.8, ಮೌಲ್ಯಗಳಲ್ಲಿ 3.3 ಬಂದಿತೆಂದಿಟ್ಟುಕೊಳ್ಳೋಣ. ಒಂದೊಂದನ್ನೂ ಅದರ ತೂಕದಿಂದ ಗುಣಿಸಿದರೆ ಕ್ರಮವಾಗಿ 480, 680, 650, 310, 300, 280, 330 ಆಗುತ್ತವೆ. ಇವುಗಳ ಮೊತ್ತ 3030. ಅದನ್ನು 1000ದಿಂದ ಭಾಗಿಸಿದರೆ 3.03. ಇದೇ ಸಂಸ್ಥೆಯ ಸರಾಸರಿ ಅಂಕ.

ಅಕ್ಷರಗಳ ಕೋಷ್ಟಕ ಹೀಗಿದೆ: 3.51ರಿಂದ 4.00 ಎ++, 3.26ರಿಂದ 3.50 ಎ+, 3.01ರಿಂದ 3.25 ಎ, 2.76ರಿಂದ 3.00 ಬಿ++, 2.51ರಿಂದ 2.75 ಬಿ+, 2.01ರಿಂದ 2.50 ಬಿ, 1.51ರಿಂದ 2.00 ಸಿ. ಅದಕ್ಕೂ ಕೆಳಗಿನದು ಡಿ; ಎಂದರೆ ಮಾನ್ಯತೆ ಇಲ್ಲ. ನಮ್ಮ ಸಂಸ್ಥೆಗೆ ಎ ಶ್ರೇಣಿ ದೊರೆಯಿತು.

ಈ ಲೆಕ್ಕದಿಂದ ಎರಡು ಪಾಠಗಳನ್ನು ಕಲಿಯಬಹುದು. ಸೌಕರ್ಯದ ಅಂಕವನ್ನು 0.1ರಷ್ಟು ಹೆಚ್ಚಿಸಿದರೆ ಮೊತ್ತ 10 ಮಾತ್ರ ಏರುತ್ತದೆ; ಸಂಶೋಧನೆಯ ಅಂಕವನ್ನು ಅಷ್ಟೇ ಹೆಚ್ಚಿಸಿದರೆ 25 ಏರುತ್ತದೆ. ಆದುದರಿಂದ ಹೊಸ ಕಟ್ಟಡಕ್ಕಿಂತ ಸಂಶೋಧನೆಗೆ ಗಮನ ಕೊಡುವುದು ಲಾಭಕರವೆಂದು ಅಳತೆಗೋಲೇ ಹೇಳುತ್ತಿದೆ. ಇನ್ನೊಂದು ಪಾಠವೆಂದರೆ, ಅಕ್ಷರವು ಒರಟಾದ ಅಳತೆ. ನಮ್ಮ ಸಂಸ್ಥೆಯ ಸಂಶೋಧನೆಯ ಅಂಕ 2.6ರ ಬದಲು 2.4 ಆಗಿದ್ದರೆ ಸರಾಸರಿ 2.98ಕ್ಕೆ ಇಳಿದು, ಶ್ರೇಣಿ ಬಿ++ ಆಗುತ್ತಿತ್ತು. ವ್ಯತ್ಯಾಸ ಕೇವಲ 0.05. ಆದರೆ ಹೆಬ್ಬಾಗಿಲಿನ ಮೇಲೆ ಎ ಹೋಗಿ ಬಿ ಬಂದಿತೆಂದರೆ ಊರಿನವರ ಕಣ್ಣಿಗೆ ಆಕಾಶವೇ ಕಳಚಿ ಬಿದ್ದಂತೆ. ಅಕ್ಷರವನ್ನು ನೋಡುವವರು ಅದರ ಹಿಂದಿನ ಅಂಕವನ್ನೂ ಕೇಳಬೇಕು.

ಪಡೆದುದನ್ನು ಉಳಿಸಿಕೊಳ್ಳುವುದು

ತೂಕದ ಬೊಟ್ಟಿನ ಮುದ್ರೆಯಂತೆ ಈ ಮಾನ್ಯತೆಗೂ ಅವಧಿ ಇದೆ. ಸಾಮಾನ್ಯವಾಗಿ ಐದು ವರ್ಷ. ಸತತವಾಗಿ ಅತ್ಯುಚ್ಚ ಶ್ರೇಣಿ ಉಳಿಸಿಕೊಂಡು ಬಂದವರಿಗೆ ಏಳು ವರ್ಷಗಳವರೆಗೆ ವಿಸ್ತರಣೆ ಉಂಟು. ಅವಧಿ ಮುಗಿಯುವ ಹೊತ್ತಿಗೆ ಮತ್ತೊಮ್ಮೆ ಪರೀಕ್ಷೆಗೆ ನಿಲ್ಲಬೇಕು. ಇದನ್ನು ಎರಡನೆಯ ಸುತ್ತು, ಮೂರನೆಯ ಸುತ್ತು ಎಂದು ಕರೆಯುತ್ತಾರೆ.

ನಡುವಿನ ವರ್ಷಗಳಲ್ಲಿ ಸಂಸ್ಥೆ ನಿದ್ರಿಸಬಾರದೆಂದು ‘ಆಂತರಿಕ ಗುಣಮಟ್ಟ ಭರವಸೆ ಕೋಶ’ ಎಂಬುದನ್ನು ಏರ್ಪಡಿಸಲಾಗಿದೆ. ಮುಖ್ಯಸ್ಥರು, ಅಧ್ಯಾಪಕರು, ವಿದ್ಯಾರ್ಥಿಗಳು, ಹಳೆಯ ವಿದ್ಯಾರ್ಥಿಗಳು ಮತ್ತು ಊರಿನ ಪ್ರತಿನಿಧಿಗಳು ಇದರಲ್ಲಿ ಸದಸ್ಯರು. ವರ್ಷಕ್ಕೊಮ್ಮೆ ಈ ಕೋಶ ಗುಣಮಟ್ಟದ ವರದಿಯೊಂದನ್ನು ನ್ಯಾಕ್‌ಗೆ ಒಪ್ಪಿಸಬೇಕು.

ಇಲ್ಲಿಯೇ ಒಳ್ಳೆಯ ಸಂಸ್ಥೆಗೂ ಕೇವಲ ಜಾಣ ಸಂಸ್ಥೆಗೂ ಇರುವ ಅಂತರ ಗೋಚರವಾಗುವುದು. ಒಳ್ಳೆಯ ಸಂಸ್ಥೆಯಲ್ಲಿ ಮೊದಲ ವರ್ಷದ ಗಣಿತದಲ್ಲಿ ಅರ್ಧಕ್ಕರ್ಧ ಮಂದಿ ಸೋತರೆ, ಕೋಶ ಸೇರಿ ಕಾರಣ ಹುಡುಕುತ್ತದೆ. ಕನ್ನಡ ಮಾಧ್ಯಮದಿಂದ ಬಂದವರಿಗೆ ಇಂಗ್ಲಿಷ್ ಪಾಠ ತಿಳಿಯುತ್ತಿಲ್ಲವೆಂದು ಕಂಡುಬಂದರೆ ಸಂಜೆಯ ಹೊತ್ತು ಬೇರೆ ತರಗತಿ ನಡೆಸಿ, ಮರುವರ್ಷ ಫಲಿತಾಂಶವನ್ನು ಮತ್ತೆ ಎಣಿಸುತ್ತದೆ. ದೋಷವನ್ನು ಕಂಡು, ಮದ್ದು ಮಾಡಿ, ಮದ್ದು ಹಿಡಿಯಿತೆ ಎಂದು ಅಳೆದು ನೋಡುವುದು. ವಿಜ್ಞಾನದ ವಿಧಾನವೂ ಇದೇ ಅಲ್ಲವೆ? ಜಾಣ ಸಂಸ್ಥೆಯಲ್ಲಾದರೋ ಕೋಶದ ನಡವಳಿ ಪುಸ್ತಕವನ್ನು ತಂಡ ಬರುವ ಹಿಂದಿನ ತಿಂಗಳು ಒಂದೇ ಲೇಖನಿಯಿಂದ ಐದು ವರ್ಷಗಳಿಗೂ ಬರೆದು ಮುಗಿಸುತ್ತಾರೆ. ಗೋಡೆಗೆ ಸುಣ್ಣ, ಹೂಕುಂಡಕ್ಕೆ ಬಣ್ಣ.

ಅಳತೆಯ ಮಿತಿ

ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಹಣಕಾಸಿನ ನೀತಿಯನ್ನು ವಿವೇಚಿಸುತ್ತ 1975ರಲ್ಲಿ ಒಂದು ಸೂಕ್ಷ್ಮವನ್ನು ಗುರುತಿಸಿದನು. ಯಾವುದೇ ಸೂಚಕವನ್ನು ಹತೋಟಿಯ ಸಾಧನವಾಗಿ ಬಳಸತೊಡಗಿದೊಡನೆ, ಅದು ಸರಿಯಾಗಿ ಸೂಚಿಸುವುದನ್ನೇ ನಿಲ್ಲಿಸಿಬಿಡುತ್ತದೆ ಎಂಬುದು ಅದರ ಸಾರ. ಉಷ್ಣಮಾಪಕವು ರೋಗಿಯ ಜ್ವರವನ್ನು ತಿಳಿಸುತ್ತದೆ, ನಿಜ. ಆದರೆ ಮಾಪಕದ ಪಾದರಸ ಇಳಿದರೆ ಬಹುಮಾನವೆಂದು ಸಾರಿದರೆ, ಕೆಲವರು ಜ್ವರಕ್ಕೆ ಔಷಧ ಕೊಡುವ ಬದಲು ಮಾಪಕವನ್ನು ತಣ್ಣೀರಿನಲ್ಲಿ ಅದ್ದಿಯಾರು. ಪ್ರಬಂಧಗಳ ಸಂಖ್ಯೆಗೆ ಅಂಕವೆಂದಾಗ, ಒಂದು ಪ್ರಬಂಧವನ್ನು ಮೂರಾಗಿ ಸೀಳಿ ಪ್ರಕಟಿಸುವ ಚಾಳಿ ಹುಟ್ಟುತ್ತದೆ. ಅಂಕಕ್ಕಾಗಿ ವಿಚಾರ ಸಂಕಿರಣಗಳು ನಡೆಯುತ್ತವೆ. ಅವುಗಳಲ್ಲಿ ವಿಚಾರ ಮಾತ್ರ ಇರುವುದಿಲ್ಲ.

ಅಕ್ಷರಕ್ಕೆ ಬೆಲೆ ಬಂದಷ್ಟೂ ಅದನ್ನು ವಾಮಮಾರ್ಗದಿಂದ ಪಡೆಯುವ ಆಸೆಯೂ ಬೆಳೆಯುತ್ತದೆ. 2025ರ ಫೆಬ್ರವರಿಯಲ್ಲಿ, ಉತ್ತಮ ಶ್ರೇಣಿಗಾಗಿ ಲಂಚ ಕೊಡಲಾಯಿತೆಂಬ ಆರೋಪದ ಮೇಲೆ, ಪರಿಶೀಲನಾ ತಂಡವೊಂದರ ಅಧ್ಯಕ್ಷರನ್ನೂ ಸದಸ್ಯರನ್ನೂ ಸಂಸ್ಥೆಯೊಂದಕ್ಕೆ ಸೇರಿದವರನ್ನೂ ಕೇಂದ್ರೀಯ ತನಿಖಾ ದಳವು ಬಂಧಿಸಿತು. ಪರೀಕ್ಷಕನ ಮೇಲೆಯೇ ಸಂಶಯ ಬಂದರೆ, ನ್ಯಾಯವಾಗಿ ದುಡಿದು ಶ್ರೇಣಿ ಪಡೆದ ಸಂಸ್ಥೆಯೂ ಆ ಸಂಶಯದ ನೆರಳಿನಲ್ಲಿ ನಿಲ್ಲಬೇಕಾಗುತ್ತದೆ. ನಷ್ಟವು ತಪ್ಪು ಮಾಡಿದವರಿಗಿಂತ ಮಾಡದವರಿಗೇ ಹೆಚ್ಚು.

ಪದ್ಧತಿಯನ್ನು ತಿದ್ದುವ ಪ್ರಯತ್ನ ಅದಕ್ಕೂ ಮೊದಲೇ ಆರಂಭವಾಗಿತ್ತು. ಇಸ್ರೋ ಸಂಸ್ಥೆಯ ಅಧ್ಯಕ್ಷರಾಗಿದ್ದ ಕೆ. ರಾಧಾಕೃಷ್ಣನ್ ಅವರ ನೇತೃತ್ವದ ಸಮಿತಿಯೊಂದು 2022ರಲ್ಲಿ ನೇಮಕವಾಯಿತು. ಅದರ ಶಿಫಾರಸುಗಳನ್ನು 2024ರ ಜನವರಿಯಲ್ಲಿ ಅಂಗೀಕರಿಸಲಾಯಿತು. ಅಕ್ಷರಗಳ ಮೆಟ್ಟಿಲನ್ನು ತೆಗೆದು, ಮಾನ್ಯತೆ ಇದೆ ಅಥವಾ ಇಲ್ಲ ಎಂಬ ಸರಳ ತೀರ್ಪು ಕೊಡಬೇಕು. ಮಾನ್ಯತೆಯ ಹೊಸ್ತಿಲಿನಲ್ಲಿರುವವರನ್ನು ಅದನ್ನು ನಿರೀಕ್ಷಿಸುತ್ತಿರುವವರೆಂದು ಬೇರೆ ಗುರುತಿಸಬೇಕು. ಇನ್ನೂ ಮೇಲೇರಬಯಸುವ ಸಂಸ್ಥೆಗಳಿಗೆ ಒಂದರಿಂದ ಐದರವರೆಗಿನ ಪ್ರೌಢಿಮೆಯ ಹಂತಗಳಿರಬೇಕು. ಭೇಟಿಯ ಮೇಲಿನ ಅವಲಂಬನೆಯನ್ನು ತಗ್ಗಿಸಿ, ಒಂದೇ ಕಡೆ ಸಂಗ್ರಹಿಸಿದ ಮಾಹಿತಿಯನ್ನು ಹಲವು ಮೂಲಗಳಿಂದ ತಾಳೆ ನೋಡಬೇಕು ಎಂಬುವು ಅದರ ಮುಖ್ಯ ಅಂಶಗಳು. ಒಬ್ಬರ ಕಣ್ಣನ್ನು ಮರಸಬಹುದು. ಹತ್ತು ದಿಕ್ಕಿನಿಂದ ಬಂದ ಲೆಕ್ಕವನ್ನು ಒಂದಕ್ಕೊಂದು ಹೊಂದುವಂತೆ ತಿರುಚುವುದು ಕಷ್ಟ ಎಂಬುದು ಇದರ ಹಿಂದಿನ ತರ್ಕ.

ವಾಚಕರು ಮಾಡಬಹುದಾದುದೇನು?

ಹಾಗಾದರೆ ಹೆಬ್ಬಾಗಿಲಿನ ಮುಂದೆ ನಿಂತಿರುವ ಆ ತಂದೆತಾಯಿಗಳು ಏನು ಮಾಡಬೇಕು? ಅಕ್ಷರವನ್ನು ಕಡೆಗಣಿಸಬೇಕಾಗಿಲ್ಲ, ಆದರೆ ಅಲ್ಲಿಗೇ ನಿಲ್ಲಲೂಬಾರದು. ಮೊದಲು, ಅದು ಯಾವ ವರ್ಷ ದೊರೆತದ್ದು, ಅವಧಿ ಮುಗಿದಿಲ್ಲವಷ್ಟೆ ಎಂದು ವಿಚಾರಿಸಬೇಕು. ಎಂದೋ ಪಡೆದ ಶ್ರೇಣಿಯನ್ನು ಇಂದಿಗೂ ಬೋರ್ಡಿನ ಮೇಲೆ ಉಳಿಸಿಕೊಂಡವರು ಇಲ್ಲದಿಲ್ಲ. ಎರಡನೆಯದಾಗಿ, ಸರಾಸರಿ ಅಂಕವನ್ನೂ ಏಳು ಮಾನದಂಡಗಳಲ್ಲಿ ಬಂದ ಬಿಡಿ ಅಂಕಗಳನ್ನೂ ಕೇಳಬೇಕು. ಮಗಳು ಪದವಿ ತರಗತಿಗೆ ಸೇರುವವಳಾದರೆ ಬೋಧನೆಯ ಮತ್ತು ವಿದ್ಯಾರ್ಥಿ ನೆರವಿನ ಅಂಕಗಳೇ ಅವಳಿಗೆ ಮುಖ್ಯ. ಮೂರನೆಯದಾಗಿ, ಸ್ವ-ಅಧ್ಯಯನ ವರದಿಯನ್ನು ಬಲ್ಲವರೊಬ್ಬರಿಂದ ಓದಿಸಬೇಕು. ‘ನಮ್ಮ ದೌರ್ಬಲ್ಯಗಳು’ ಎಂಬ ಭಾಗದಲ್ಲಿ ನಿಜವಾದ ದೌರ್ಬಲ್ಯವನ್ನು ಒಪ್ಪಿಕೊಂಡಿರುವ ಸಂಸ್ಥೆಯನ್ನು, ಏನೂ ಕೊರತೆಯಿಲ್ಲವೆಂದು ಬರೆದ ಸಂಸ್ಥೆಗಿಂತ ಹೆಚ್ಚಾಗಿ ನಂಬಬಹುದು. ಕೊನೆಯದಾಗಿ, ಯಾವ ತಂಡವೂ ಬಾರದ ಸಾಮಾನ್ಯ ದಿನವೊಂದರಲ್ಲಿ, ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಅಲ್ಲಿಗೆ ಹೋಗಿ, ತರಗತಿಯಲ್ಲಿ ಅಧ್ಯಾಪಕರಿದ್ದಾರೆಯೆ, ಗ್ರಂಥಾಲಯದಲ್ಲಿ ಓದುವವರಿದ್ದಾರೆಯೆ ಎಂದು ನೋಡಿ ಬರಬೇಕು.

ಪರಿಷತ್ತಿನ ತಂಡ ಐದು ವರ್ಷಕ್ಕೊಮ್ಮೆ ಬರುತ್ತದೆ. ವಿದ್ಯಾರ್ಥಿ ದಿನವೂ ಬರುತ್ತಾನೆ. ಅವನ ಎದುರಿನಲ್ಲಿ ಪ್ರತಿದಿನವೂ ಒರೆಗೆ ನಿಲ್ಲಬಲ್ಲ ಸಂಸ್ಥೆಗೆ ತಂಡ ಬರುವ ದಿನ ವಿಶೇಷ ಸಿದ್ಧತೆ ಬೇಕಾಗಲಾರದು.